ಆಗುಂಬೆ ಹತ್ತಿದ್ರೆ ಮಾತ್ರ ಸೋರುವ ಎಂಜಿನ್: ನನ್ನ ಅನುಭವ

ಗಾಡಿ 1.8 ಲೀಟರ್ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಓಡ್ಸುವಾಗ ಭಾರಿ ಖುಷಿ, ನಿಲ್ಸಿದ ಮೇಲೆ ಮಂಡೆಬಿಸಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿ ಆರು ತಿಂಗಳೂ ಆಗಿರ್ಲಿಲ್ಲ, ಅದ್ರ ಮೇಲೆ ಕಪ್ಪು ಕಲೆ, ಬೆಳಗ್ಗೆ ಎದ್ದ ಕೂಡ್ಲೆ ಅಪ್ಪನ ಬೊಬ್ಬೆ. ಎರಡು ವರ್ಷದಲ್ಲಿ ಎಂಜಿನ್ ಆಯಿಲ್ ಲೀಕ್ ಅಂತ ಮೂರು ಸಲ ವರ್ಕ್‌ಶಾಪಿಗೆ ಬಿಟ್ಟೆ. ಮೊದ್ಲು ಎಂಜಿನ್ ಮೇಲಿನ ಮುಚ್ಚಳ, ಅಂದ್ರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್, ಆಮೇಲೆ ಗೇರ್‌ಬಾಕ್ಸ್ ಇಳಿಸಿ ಹಿಂದಿನ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ಗೇರ್‌ಬಾಕ್ಸ್ ಕಡೆಗೆ ಹೊರಬರುವಲ್ಲಿ ಆಯಿಲ್ ತಡೆಯುವ ಬಳೆ), ಅದಾಗಿ ಐದೇ ತಿಂಗಳಿಗೆ ಪುನಃ ಅದೇ ಸೀಲ್. ಸೀಲಿನ ರೇಟ್ ಎಂತದೂ ಅಲ್ಲ, ಗೇರ್‌ಬಾಕ್ಸ್ ಇಳಿಸುವ ಲೇಬರ್ ಉಂಟಲ್ಲ, ಅದು ತಿನ್ನುದು.

ಮೂರನೇ ಸಲವೂ ಸೋರ್ಲಿಕ್ಕೆ ಶುರುವಾದಾಗ ಇನ್ನು ಯಾರಿಗೂ ಕೊಡುದಿಲ್ಲ, ಎಲ್ಲಿಂದ ಅಂತ ನಾನೇ ನೋಡ್ತೇನೆ ಅಂತ ಹಠ ಬಂತು. ನಾನು ಮೆಕ್ಯಾನಿಕ್ ಅಲ್ಲ, ಮಣಿಪಾಲದಲ್ಲಿ ಆಫೀಸ್ ಕೆಲಸ, ಆದ್ರೆ ಸ್ಪ್ಯಾನರ್ ಹಿಡಿದು ಗೊತ್ತುಂಟು.

ಮೊದ್ಲು ಮಾಡಿದ್ದು ಕ್ಲೀನಿಂಗ್. ಎಂಜಿನ್ ಅಡಿಗೆ ಇರುವ ಅಂಡರ್‌ಟ್ರೇ ಬಿಚ್ಚಿದೆ, ಅದ್ರೊಳಗೆ ಒಂದು ಲೋಟ ಆಗುವಷ್ಟು ಆಯಿಲ್, ಮಳೆಗಾಲದ ಕೆಸರು, ಒಣಗಿದ ಎಲೆ ಎಲ್ಲ ಸೇರಿ ಅಂಟು ಪಾಕ. ಈ ಟ್ರೇ ಇದ್ರೆ ಲೀಕ್ ಎಲ್ಲಿ ಅಂತ ಹೇಳ್ಲಿಕ್ಕೇ ಆಗುದಿಲ್ಲ, ಸೋರುದು ಒಂದು ಕಡೆ, ಟ್ರೇ ಒಳಗೆ ಹರಿದು ನೆಲಕ್ಕೆ ಬೀಳುದು ಇನ್ನೊಂದು ಕಡೆ. ಆಲ್ಟರ್ನೇಟರಿಗೂ ಕನೆಕ್ಟರ್‌ಗಳಿಗೂ ಪ್ಲಾಸ್ಟಿಕ್ ಕಟ್ಟಿ, ತಣ್ಣಗಿನ ಎಂಜಿನ್‌ಗೆ ಡಿಗ್ರೀಸರ್ ಹೊಡೆದು, ಬ್ರಶ್ಶಲ್ಲಿ ಉಜ್ಜಿ, ಪೂರ್ತಿ ಒಣಗ್ಲಿಕ್ಕೆ ಬಿಟ್ಟೆ. ಮತ್ತೆ ಆಯಿಲಿಗೆ ಯುವಿ ಡೈ ಹಾಕಿದೆ. ಸಣ್ಣ ಬಾಟ್ಲಿ, ಆಯಿಲ್ ಹಾಕುವ ಬಾಯಲ್ಲಿ ಹೊಯ್ಯುದು ಅಷ್ಟೆ, ಆಮೇಲೆ ಯುವಿ ಟಾರ್ಚ್ ಬಿಟ್ರೆ ಸೋರಿದ ಆಯಿಲ್ ಹಳದಿ ಹಸಿರು ಹೊಳೀತದೆ. ರಾತ್ರಿ ನೋಡ್ಬೇಕು, ಹಗಲಿಗೆ ಎಂತದೂ ಕಾಣುದಿಲ್ಲ.

ಒಂದು ವಾರ ಸಂತೆಕಟ್ಟೆಯಿಂದ ಮಣಿಪಾಲಕ್ಕೆ ಹೋಗಿ ಬಂದೆ. ರಾತ್ರಿ ಟಾರ್ಚ್ ಹಾಕಿದ್ರೆ ಒಂದು ಹನಿ ಇಲ್ಲ. ಗಾಡಿಯ ಅಡಿಯಲ್ಲಿ ಇಟ್ಟ ರಟ್ಟು ಹೊಸದರ ಹಾಗೇ ಉಂಟು. ಗಾಡಿಗೆ ನನ್ನ ಮೇಲೆ ಎಂತಾದ್ರೂ ದ್ವೇಷ ಉಂಟಾ ಅಂತ ಅನ್ಸಿತು. ಶನಿವಾರ ಹೆಂಡ್ತಿ ಮನೆಗೆ, ತೀರ್ಥಹಳ್ಳಿಗೆ ಹೊರಟದ್ದು. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ, ಪ್ರತಿ ತಿರುವಿಗೂ ಸೆಕೆಂಡ್ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದ್ರೆ ಟರ್ಬೊ ಸುಯ್ ಅಂತ ಬರುದು, ಗಮ್ಮತ್ತೇ ಬೇರೆ. ತೀರ್ಥಹಳ್ಳಿಯಲ್ಲಿ ರಾತ್ರಿ ಗಾಡಿಯ ಅಡಿಯಲ್ಲಿ ಟಾರ್ಚ್ ಹಾಕಿ ನೋಡ್ತೇನೆ, ಎಂಜಿನ್‌ಗೆ ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್ ತಳದಲ್ಲಿ ಉದ್ದಕ್ಕೆ ಹಸಿರು ಗೆರೆ, ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಇನ್ನೊಂದು, ಡಿಪ್‌ಸ್ಟಿಕ್ ಬಾಯಲ್ಲೂ ಸ್ವಲ್ಪ. ಗೇರ್ ಆಯಿಲ್ ಇರ್ಬಹುದಾ ಅಂತ ಮೂಸಿಯೂ ನೋಡಿದೆ, ಗೇರ್ ಆಯಿಲಿಗೆ ಗಂಧಕದ ಕೆಟ್ಟ ವಾಸನೆ ಇರ್ತದೆ, ಇದಕ್ಕೆ ಇಲ್ಲ. ಡೈ ಹೊಳೆದ ಮೇಲೆ ಸಂಶಯವೂ ಇಲ್ಲ ಅನ್ನಿ, ಆದ್ರೂ.

ಅಲ್ಲಿಗೆ ಒಂದು ವಿಷಯ ತಲೆಗೆ ಹೋಯ್ತು. ಮೂರೂ ಜಾಗದಲ್ಲಿ ಒಟ್ಟಿಗೆ, ಅದೂ ಘಾಟಿ ಹತ್ತಿದಾಗ ಮಾತ್ರ ಬರುದಾದ್ರೆ ಸೀಲ್ ಹಾಳಾಗಿದೆ ಅನ್ನುದಕ್ಕಿಂತ ಒಳಗಿಂದ ಯಾರೋ ದೂಡ್ತಾ ಇದ್ದಾರೆ ಅನ್ನುದೇ ಸರಿ. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಯಾವಾಗ್ಲೂ ಕೆಳಗೆ ಕ್ರ್ಯಾಂಕ್ ಮತ್ತು ಆಯಿಲ್ ಇರುವ ಚೇಂಬರಿಗೆ ಇಳೀತದೆ, ಅದನ್ನು ಎಳ್ಕೊಂಡು ಪುನಃ ಸುಡ್ಲಿಕ್ಕೆ ಕಳ್ಸುದು ಪಿಸಿವಿ, ವರ್ಕ್‌ಶಾಪಿನ ಭಾಷೆಯಲ್ಲಿ ಬ್ರೀದರ್. ಐಡಲ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪು) ವ್ಯಾಕ್ಯೂಮ್ ಇರ್ತದೆ, ಗ್ಯಾಸ್ ಆ ದಾರಿಯಲ್ಲಿ ಹೋಗ್ತದೆ. ಟರ್ಬೊ ಗಾಳಿ ಒತ್ತಿ ತುಂಬ್ಲಿಕ್ಕೆ ಶುರು ಮಾಡಿ ಬೂಸ್ಟ್ ಬಂತೋ, ಅದೇ ಮ್ಯಾನಿಫೋಲ್ಡಲ್ಲಿ ಈಗ ಪ್ರೆಶರ್. ಆವಾಗ ನಡುವಿನ ಚೆಕ್ ವಾಲ್ವ್, ಅಂದ್ರೆ ಒಂದೇ ಕಡೆಗೆ ಬಿಡುವ ವಾಲ್ವ್, ಮುಚ್ಚಿ, ಗ್ಯಾಸ್ ಬೇರೆ ಪೈಪಲ್ಲಿ ಟರ್ಬೊ ಗಾಳಿ ಎಳೆಯುವ ಕಡೆಗೆ ಹೋಗ್ಬೇಕು. ಆ ಚೆಕ್ ವಾಲ್ವ್ ಮುಚ್ಚದಿದ್ರೆ ಬೂಸ್ಟ್ ಗಾಳಿ ಸೀದಾ ಚೇಂಬರಿಗೆ ನುಗ್ತದೆ.

ವರ್ಕ್‌ಶಾಪಲ್ಲಿ ಬ್ರೀದರ್ ನೋಡ್ಲಿಲ್ಲ ಅಂತ ಅಲ್ಲ. ಗಾಡಿ ಐಡಲ್‌ಗೆ ಬಿಟ್ಟು ಆಯಿಲ್ ಕ್ಯಾಪ್ ತೆಗೆದು ಕೈ ಇಟ್ಟು, "ಪ್ರೆಶರ್ ಇಲ್ಲ ಸರ್, ಬ್ರೀದರ್ ಸರಿ ಉಂಟು" ಅಂತ ಹೇಳಿದ್ದು. ಹೇಳಿದ್ದು ಸುಳ್ಳಲ್ಲ. ಆದ್ರೆ ನಿಂತ ಗಾಡಿಯಲ್ಲಿ ಬೂಸ್ಟ್ ಎಲ್ಲಿಂದ ಬರ್ಬೇಕು?

ಹಾಗಾದ್ರೆ ಓಡುವಾಗ ಅಳೆಯುದು ಹೇಗೆ? ಅದಕ್ಕೆ ನಮ್ಮ ಮನೆ ಕೆಲಸಕ್ಕೆ ಬರುವ ಮೇಸ್ತ್ರಿಯ ಲೆವೆಲ್ ಪೈಪ್ ತಂದೆ, ಗೋಡೆ ಮಟ್ಟ ನೋಡುವ ಪಾರದರ್ಶಕ ಪೈಪ್. ಡಿಪ್‌ಸ್ಟಿಕ್ ತೆಗೆದು ಅದ್ರ ಬಾಯಿಗೆ ಒಂದು ತುದಿ ಟೈಟ್ ಕಟ್ಟಿ, ಬಿಸಿ ಜಾಗಕ್ಕೆ ತಾಗದ ಹಾಗೆ ಬಾನೆಟ್ ಸಂದಿಯಿಂದ ಕಿಟಕಿ ಒಳಗೆ ತಂದು, ಯು ಆಕಾರದಲ್ಲಿ ಒಂದು ಹಲಗೆಗೆ ಕಟ್ಟಿ ನೀರು ಹಾಕಿದೆ. ಎರಡೂ ಕಾಲು ಮುಕ್ಕಾಲು ಮೀಟರ್ ಎತ್ತರ ಬಿಟ್ಟೆ, ನೀರು ಸ್ವಲ್ಪವೇ ಹಾಕಿದೆ, ಇಲ್ಲದಿದ್ರೆ ವ್ಯಾಕ್ಯೂಮ್ ಜಾಸ್ತಿ ಇದ್ರೆ ನೀರನ್ನೇ ಎಂಜಿನ್ ಕುಡಿದು ಬಿಡ್ತದೆ. ನೀರಿನ ವ್ಯತ್ಯಾಸ 10 ಸೆಂಟಿಮೀಟರ್ ಅಂದ್ರೆ ಸುಮಾರು 1 ಕಿಲೋಪಾಸ್ಕಲ್.

ಭಾನುವಾರ ಬೆಳಗ್ಗೆ ಆರಕ್ಕೆ, ಪರ್ಕಳ ಕಡೆಯ ಏರು, ರೋಡಲ್ಲಿ ಜನ ಇಲ್ಲ. ಹೆಂಡ್ತಿಯ ತಮ್ಮ ಪಕ್ಕದಲ್ಲಿ ಹಲಗೆ ತಬ್ಬಿಕೊಂಡು ಕೂತಿದ್ದಾನೆ, ಮಡಿಲಲ್ಲಿ ಸ್ಕೇಲು. ಐಡಲ್‌ನಲ್ಲಿ ನೀರು 2 ಸೆಂಟಿಮೀಟರ್ ಎಂಜಿನ್ ಕಡೆಗೆ ಎಳೆದು ನಿಂತಿತ್ತು, ಅಂದ್ರೆ ವ್ಯಾಕ್ಯೂಮ್, ಸರಿಯೇ. ಮೆಲ್ಲ ಹೋದಾಗ್ಲೂ ಹಾಗೇ. ಸೆಕೆಂಡ್ ಗೇರ್, ಫುಲ್ ಆಕ್ಸಿಲರೇಟರ್ ಕೊಟ್ಟೆ ನೋಡಿ, "ಭಾವ ಭಾವ, ನೀರು ಏರ್ತಾ ಇದೆ, ಸಾಕು, ಸಾಕು!" ನಾನು ಕಾಲು ತೆಗೆದ ಕೂಡ್ಲೆ ಸರ್ರಂತ ಇಳಿಯಿತು. ಮೂರು ಸಲ ಮಾಡಿದ್ವಿ, ಮೂರೂ ಸಲ 30 ದಾಟಿತು, ಒಮ್ಮೆ 35. ಅರ್ಧ ಪಿಎಸ್‌ಐ ಹತ್ರ ಹತ್ರ. ಟಯರಿಗೆ 32 ಹಾಕುವವರಿಗೆ ಅರ್ಧ ಎಂತ ಲೆಕ್ಕ ಅನ್ಸಬಹುದು, ಆದ್ರೆ ಕ್ರ್ಯಾಂಕ್ ಸೀಲಿನ ತುಟಿ ಆಯಿಲ್ ತಡೀಲಿಕ್ಕೆ ಇರುದು, ಗಾಳಿ ಹಿಂದಿನಿಂದ ದೂಡಿದ್ರೆ ತಡೀಲಿಕ್ಕೆ ಅಲ್ಲ.

ರಿಂಗ್ ಸವೆದಿದ್ರೂ ಚೇಂಬರಲ್ಲಿ ಪ್ರೆಶರ್ ಬರ್ತದೆ, ಹಾಗಾಗಿ ಕಂಪ್ರೆಶನ್ ಚೆಕ್ ಮಾಡಿಸಿದೆ. ನಾಲ್ಕೂ ಸಿಲಿಂಡರ್ 11ರಿಂದ 12 ಬಾರ್ ಒಳಗೆ, ಅಂದ್ರೆ ರಿಂಗ್ ಸರಿ ಉಂಟು. ಉಸಿರು ಬಂತು ಮಾರಾಯ್ರೆ.

ಚೆಕ್ ವಾಲ್ವ್ ಇರುದು ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ, ಕೈ ಹೋಗದ ಜಾಗ, ಮೊಣಕೈ ಎಲ್ಲ ತರಚಿತು. ಹೊರಗೆ ತೆಗೆದು ಬಟ್ಟೆಯಲ್ಲಿ ಒರೆಸಿ ಬಾಯಲ್ಲಿ ಊದಿದೆ, ಈ ಕಡೆಯಿಂದ ಊದಿದ್ರೂ ಹೋಗ್ತದೆ, ಆ ಕಡೆಯಿಂದ ಊದಿದ್ರೂ ಹೋಗ್ತದೆ. ಒಂದೇ ಕಡೆ ಹೋಗ್ಬೇಕಾದದ್ದು. ಒಳಗೆ ಕಪ್ಪು ಮಡ್ಡಿ ಕಟ್ಟಿ ಬಿಲ್ಲೆ ತೆರೆದೇ ಅಂಟಿಕೊಂಡಿದೆ, ಪಕ್ಕದ ರಬ್ಬರ್ ಪೈಪ್ ಹಿಂಡಿದ್ರೆ ಹಪ್ಪಳದ ಹಾಗೆ ಪುಡಿ. ವಾಲ್ವೂ ಪೈಪೂ ಸೇರಿ ಖರ್ಚು, ಒಂದು ಸಲ ಗೇರ್‌ಬಾಕ್ಸ್ ಇಳಿಸಿದ್ದರ ಕಾಲಂಶ ಸಹ ಆಗ್ಲಿಲ್ಲ.

ಆದ್ರೆ ಸೀಲ್ ಅಷ್ಟರಲ್ಲಿ ಹೋಗಿತ್ತು, ಹಾಗಾಗಿ ಇನ್ನೊಮ್ಮೆ ಇಳಿಸಿದ್ದೇ. ಈ ಸಲ ಬೇರೆ ಮೆಕ್ಯಾನಿಕ್, ನಾನು ಪಕ್ಕದಲ್ಲೇ ನಿಂತೆ. ಈ ಸೀಲಿನ ತುಟಿ ಟೆಫ್ಲಾನ್, ಹಳೇ ರಬ್ಬರ್ ಸೀಲಿನ ಹಾಗೆ ಆಯಿಲ್ ಸವರಿ ಹಾಕ್ಲಿಕ್ಕಿಲ್ಲ, ಒಣದೇ ಕೂರ್ಸಬೇಕು, ಕೂರ್ಸಿದ ಮೇಲೆ ಕೆಲವು ಗಂಟೆ ಸ್ಟಾರ್ಟ್ ಮಾಡ್ಲಿಕ್ಕಿಲ್ಲ. ಅವರು ಅಭ್ಯಾಸಬಲದಲ್ಲಿ ಬೆರಳಿಗೆ ಆಯಿಲ್ ಮುಟ್ಟಿಸಿದ್ದನ್ನು ನಾನೇ ತಡೆದದ್ದು. ಹಿಂದಿನ ಎರಡು ಸಲ ಹೇಗೆ ಹಾಕಿದ್ರೋ ದೇವರಿಗೇ ಗೊತ್ತು.

ಆಮೇಲೆ ಅದೇ ಏರಿನಲ್ಲಿ ಅದೇ ಪೈಪ್. ಫುಲ್ ಬೂಸ್ಟಲ್ಲೂ ನೀರು ಎಂಜಿನ್ ಕಡೆಗೇ ಎಳೆದು ನಿಂತಿತು, ಬಾಮೈದ ಸ್ಕೇಲು ಕೆಳಗಿಟ್ಟು ತಿಂಡಿಗೆ ಎಲ್ಲಿ ಅಂತ ಕೇಳಿದ. ಈಗ 4,000 ಕಿಲೋಮೀಟರ್ ಆಯ್ತು, ಆಗುಂಬೆ ಐದು ಸಲ ಹತ್ತಿದೆ, ಬೆಲ್ ಹೌಸಿಂಗ್ ಒಣಗಿಯೇ ಉಂಟು. ಟ್ಯಾಪೆಟ್ ಕವರಿನ ಹಿಂದಿನ ಮೂಲೆ ಮಾತ್ರ ಸ್ವಲ್ಪ ಬೆವರ್ತದೆ, ನೆಲಕ್ಕೆ ಬೀಳುವಷ್ಟಿಲ್ಲ, ಅದನ್ನು ಮುಂದಿನ ಸರ್ವಿಸಿಗೆ ನೋಡುವ ಅಂತ ಬಿಟ್ಟಿದ್ದೇನೆ. ಮೇಸ್ತ್ರಿ ಪೈಪ್ ವಾಪಸ್ ತಗೊಳ್ಲಿಲ್ಲ, ಆಯಿಲ್ ವಾಸನೆ ಬರ್ತದಂತೆ, ಅವರಿಗೆ ಹೊಸದು ತೆಗೆಸಿಕೊಟ್ಟೆ.