ಗೂಟವಿಲ್ಲದ ವಿಮಾನ: ಶಾರ್ಟ್ ರನ್ ಕಿಟ್ ಜೋಡಿಸುವುದು ಹೇಗೆ?

ಧಾರವಾಡದಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಬೇಸಿಗೆ ರಜೆಗೆ ಪ್ಲಾಸ್ಟಿಕ್ ವಿಮಾನದ ಕಿಟ್ ತರಿಸಿದ. ಡಬ್ಬಿ ಬಿಚ್ಚಿದ ದಿನವೇ ಅಂಟು ಹಚ್ಚಿದ. ಮರುದಿನ ನೋಡಿದರೆ ಮೂಗು ಒಂದು ಕಡೆ, ಬಾಲ ಇನ್ನೊಂದು ಕಡೆ. ನಡುವೆ ಉಗುರು ತೂರುವಷ್ಟು ಸಂದು. "ಕಾಕಾ, ಕಿಟ್ಟೇ ಸರಿ ಇಲ್ರೀ" ಅಂದ. ಕಿಟ್ ಸರಿಯಾಗಿಯೇ ಇತ್ತು. ಅದು ಶಾರ್ಟ್ ರನ್ ಕಿಟ್, ಇಂಥದ್ದನ್ನು ಜೋಡಿಸುವ ರೀತಿ ಬೇರೆ. ಹೀಗೆ ಹಾಳಾದದ್ದನ್ನು ನಾನು ಬಹಳ ನೋಡಿದ್ದೇನೆ, ಅದಕ್ಕೇ ಈ ಲೇಖನ.

ದೊಡ್ಡ ಕಂಪನಿಗಳು ಉಕ್ಕಿನ ಅಚ್ಚು ಮಾಡಿಸಿ ಲಕ್ಷಗಟ್ಟಲೆ ಕಿಟ್ ತೆಗೆಯುತ್ತವೆ. ಶಾರ್ಟ್ ರನ್ ಅಂದರೆ ಮೆತ್ತನೆಯ, ಅಗ್ಗದ ಅಚ್ಚಿನಲ್ಲಿ ಸ್ವಲ್ಪವೇ ಕಿಟ್ ತೆಗೆಯುವುದು. ಚೆಕ್ ದೇಶದ ವ್ಯಾಲಮ್, ಉಕ್ರೇನಿನ ಎಮೊಡೆಲ್ ಇಂಥವನ್ನು ಮಾಡಿವೆ. ದೊಡ್ಡವರು ಮುಟ್ಟದ ವಿಮಾನಗಳು ಸಿಗುವುದು ಇಲ್ಲೇ. ನಮ್ಮ ವಾಯುಪಡೆಗೆ 1953ರಲ್ಲಿ ಬಂದ ಫ್ರಾನ್ಸಿನ ಉರಗಾನ್, ಅಂದರೆ ನಮ್ಮ 'ತೂಫಾನಿ', ನನಗೆ ಇಷ್ಟದ್ದು. 1:72 ಅಳತೆಯಲ್ಲಿ, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲಿನಲ್ಲಿ, ಗೇಣುದ್ದಕ್ಕೂ ಕಡಿಮೆ, ಸುಮಾರು 15 ಸೆಂಟಿಮೀಟರ್.

ಮೊದಲು ಭಾಗಗಳನ್ನು ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ. ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಮುರಿದು ಕೀಳಬೇಡಿ, ಸಣ್ಣ ಗರಗಸದಿಂದ ಕೊಯ್ಯಿರಿ. ಇವುಗಳ ದಂಟು ದಪ್ಪ, ಎಳೆದರೆ ರೆಕ್ಕೆಯ ಅಂಚೇ ಕಿತ್ತು ಬರುತ್ತದೆ. ಅಂಚಿನ ತೆಳು ಪೊರೆಯನ್ನು ಬ್ಲೇಡಿನಿಂದ ಹೆರೆಯಿರಿ.

ಈಗ ನಿಜವಾದ ಕೆಲಸ. ಒಡಲಿನ ಎರಡು ಹೋಳುಗಳನ್ನು ಕೂಡಿಸಲು ಒಳಗೆ ಗೂಟವೂ ಇಲ್ಲ, ತೂತೂ ಇಲ್ಲ. ಗಾಜಿನ ತುಂಡಿನ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ. ಮೇಲೆ ಎರಡು ಹನಿ ನೀರು. ಹೋಳನ್ನು ಬೋರಲು ಹಾಕಿ, ಬೆರಳ ಭಾರ ಎಲ್ಲ ಕಡೆ ಒಂದೇ ಸಮ ಇರುವಂತೆ ಮೆಲ್ಲಗೆ ಸುತ್ತಿಸಿ. ನಾಲ್ಕೈದು ಸುತ್ತಿಗೊಮ್ಮೆ ಎತ್ತಿ ನೋಡಿ. ಅಂಚಿನಲ್ಲಿ ಹೊಳೆಯುವ ಜಾಗ ಇದ್ದರೆ ಅಲ್ಲಿ ಇನ್ನೂ ತಗ್ಗಿದೆ. ಪೂರ್ತಿ ಮಸುಕಾದರೆ ನಿಲ್ಲಿಸಿ. ಜಾಸ್ತಿ ಉಜ್ಜಿದರೆ ವಿಮಾನ ಬಡಕಲಾಗುತ್ತದೆ.

ಆಮೇಲೆ ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯಿಂದ ಸಣ್ಣ ಪಟ್ಟಿ ಕತ್ತರಿಸಿ, ಒಳಗಡೆ ಎರಡು ಸೆಂಟಿಮೀಟರಿಗೊಂದರಂತೆ ಅಂಟಿಸಿ. ಒಂದು ಎಡ ಹೋಳಿಗೆ, ಮುಂದಿನದು ಬಲಕ್ಕೆ. ಅರ್ಧ ಪಟ್ಟಿ ಹೊರಗೆ ಚಾಚಿರಲಿ. ಇದೇ ನಿಮ್ಮ ಗೂಟ. ಹಳೆಯ ಕಿರಾಣಿ ಡಬ್ಬದ ಪ್ಲಾಸ್ಟಿಕ್ ಬಳಸುವವರಿದ್ದಾರೆ. ಅದಕ್ಕೆ ಮಾಡೆಲ್ ಅಂಟು ಹಿಡಿಯುವುದೇ ಇಲ್ಲ, ಸುಮ್ನೆ ಸಮಯ ಹಾಳು.

ಪೈಲಟ್ ಕೂರುವ ಗೂಡು ಒಳಗೆ ಸೇರಿಸಿ, ಅಂಟಿಲ್ಲದೆ ಟೇಪ್ ಸುತ್ತಿ ನೋಡಿ. ಹೋಳುಗಳು ಮುಚ್ಚದಿದ್ದರೆ ಹೊರಗಿಂದ ಅದುಮಬೇಡಿ. ಗೂಡಿನ ಪಕ್ಕಗಳನ್ನೇ ಸವೆಸಿ, ಒಡಲಿನ ಒಳಗೋಡೆಯನ್ನೂ ಹೆರೆಯಿರಿ. ನಾನು ಇದನ್ನೇ ಹತ್ತು ಸಲ ಮಾಡುತ್ತೇನೆ. ತೂಫಾನಿಗೆ ಮೂಗಲ್ಲೇ ಗಾಳಿಬಾಯಿ, ಮುಂದೆಯೂ ಗಾಲಿ. ಮೂಗಿನಲ್ಲಿ ಭಾರ ಇಲ್ಲದಿದ್ದರೆ ಬಾಲದ ಮೇಲೆ ಕೂರುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಫೆವಿಕ್ವಿಕ್‌ನಿಂದ ಅಂಟಿಸಿ. ಫೆವಿಕಾಲ್ ಬೇಡ, ಅದು ಸೀಸದ ಜೊತೆ ಸೇರಿದರೆ ಕಾಲ ಕಳೆದಂತೆ ಉಬ್ಬಿ ಒಡಲನ್ನೇ ಬಿರಿಯಬಹುದು.

ಎಲ್ಲ ಕೂತ ಮೇಲೆ ನೀರಿನಂಥ ತೆಳು ಅಂಟು ತನ್ನಿ. ಕಿಟಕಿ ತೆರೆದಿಡಿ. ಬಾಲದಿಂದ ಶುರು ಮಾಡಿ ಒಂದೊಂದೇ ಅಂಗುಲ ಜೋಡಿಸುತ್ತ ಬನ್ನಿ. ಕುಂಚ ತಾಗಿಸಿದರೆ ಅಂಟು ತಾನೇ ಸಂದಿನೊಳಗೆ ಓಡುತ್ತದೆ. ಹತ್ತು ಎಣಿಸಿ, ಮೆಲ್ಲಗೆ ಒತ್ತಿ. ಕರಗಿದ ಪ್ಲಾಸ್ಟಿಕ್ ದಾರದಂತೆ ಸಣ್ಣಗೆ ಮೇಲೆದ್ದರೆ ಜೋಡಣೆ ಸರಿಯಾಗಿದೆ. ಆ ಹಸಿ ಜಾಗಕ್ಕೆ ಬೆರಳು ತಾಗಿಸಬೇಡಿ, ಗುರುತು ಹಾಗೇ ಉಳಿಯುತ್ತದೆ. ಒಂದು ಪೂರ್ತಿ ದಿನ ಬಿಟ್ಟು ಹೆರೆಯಿರಿ. ಉಳಿದ ಸಂದು ತುಂಬಲು ಗ್ಯಾರೇಜಿನವರ ಎನ್.ಸಿ. ಪುಟ್ಟಿ ಬಳಸುವುದಾದರೆ ತೆಳುವಾಗಿ, ಎರಡು ಮೂರು ಸಲ ಹಚ್ಚಿ. ಒಮ್ಮೆಲೇ ದಪ್ಪ ಬಳಿದರೆ ಒಣಗುವಾಗ ಕುಗ್ಗಿ ಗೆರೆ ಮತ್ತೆ ಕಾಣುತ್ತದೆ.

ರೆಕ್ಕೆಯ ಹಿಂಬದಿ ಅಂಚು ದಪ್ಪ ಇರುತ್ತದೆ, ಒಳಬದಿಯಿಂದ ಉಜ್ಜಿ ತೆಳ್ಳಗೆ ಮಾಡಿ. ಬುಡದಲ್ಲಿ 1 ಮಿಲಿಮೀಟರ್ ತೂತು ಕೊರೆದು ಹಿತ್ತಾಳೆ ತಂತಿಯ ಪಿನ್ ಹಾಕಿ. ಬರೀ ಅಂಟಿನ ಮೇಲೆ ರೆಕ್ಕೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಪೈಲಟ್ ಗೂಡಿನ ಮೇಲಿನ ಗಾಜಿನಂಥ ಪ್ಲಾಸ್ಟಿಕ್ ಮುಚ್ಚಳಕ್ಕೆ ಮಾತ್ರ ಫೆವಿಕಾಲೇ ಸರಿ, ಫೆವಿಕ್ವಿಕ್‌ನ ಆವಿಗೆ ಅದು ಬೆಳ್ಳಗಾಗುತ್ತದೆ.

ಮೊದಲ ವರ್ಷಗಳ ತೂಫಾನಿಗೆ ಬೆಳ್ಳಿ ಮೈ. ಬೆಳ್ಳಿ ಬಣ್ಣ ಕೂದಲೆಳೆಯಷ್ಟು ಗೀರನ್ನೂ ಬಿಡದೆ ತೋರಿಸುತ್ತದೆ. ಮೊದಲು ಪ್ರೈಮರ್ ಹೊಡೆದು, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ಸಂದು ಕಂಡರೆ ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು. ಧಾರವಾಡದ ಜಿಟಿಜಿಟಿ ಮಳೆ ಹಿಡಿದ ದಿನ ಮಾತ್ರ ಸ್ಪ್ರೇ ಡಬ್ಬಿ ಮುಟ್ಟಬೇಡಿ. ತೇವಕ್ಕೆ ಬಣ್ಣ ಬೂದಿ ಬಳಿದಂತೆ ಬಿಳಚುತ್ತದೆ. ಮಳೆ ಬಿಟ್ಟು ಒಳ್ಳೆ ಬಿಸಿಲು ಬಿದ್ದ ಮಧ್ಯಾಹ್ನ ಹೊಡೆಯಿರಿ.