ಇವತ್ತು ಏನಾಯ್ತು ಲಾಯರಮ್ಮ?

ವಕೀಲರು ಜಾಹೀರಾತು ಕೊಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಹಾಗಿದೆ. ಹಾಗಾಗಿ ಮಂಡ್ಯದಲ್ಲಿ ನನ್ನ ಕಚೇರಿ ಮೆಟ್ಟಿಲು ಹತ್ತುವವರೆಲ್ಲ ಯಾರೋ ಹೇಳಿ ಕಳಿಸಿದವರೇ. ಒಬ್ಬಳ ಜೀವನಾಂಶದ ಕೇಸು ಮುಗಿದರೆ ಅವಳ ಚಿಕ್ಕಮ್ಮನ ಮಗಳು ಬರುತ್ತಾಳೆ. ಜಾಮೀನು ಸಿಕ್ಕಿದ ಹುಡುಗನ ಊರಿಂದ ಇನ್ನೊಬ್ಬ ಬರುತ್ತಾನೆ. ಬೇರೆ ವಕೀಲರ ಹತ್ತಿರದಿಂದ ಕೇಸಿನ ಕಟ್ಟು ಎತ್ತಿಕೊಂಡು ಬರುವವರೂ ಉಂಟು. ಯಾಕೆ ಬಿಟ್ಟಿರಿ ಎಂದು ಕೇಳಿದರೆ, ಕೇಸ್ ಸೋತರು ಎನ್ನುವವರು ಅಪರೂಪ. "ಏನ್ ನಡೀತೈತೆ ಅಂತ ಯೋಳದೇ ಇಲ್ಲ ಕಣಮ್ಮ, ಬರೀ ಡೇಟು ಡೇಟು" ಅನ್ನುವುದೇ ಹೆಚ್ಚಿನವರ ದೂರು.

ದೂರಿನಲ್ಲಿ ಹುರುಳಿದೆ. ಕೆ.ಆರ್. ಪೇಟೆ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟವರು ಮಧ್ಯಾಹ್ನದವರೆಗೂ ಕೋರ್ಟ್ ಹಾಲ್ ಹೊರಗೆ ನಿಂತಿರುತ್ತಾರೆ. ಹೆಸರು ಕೂಗಿದಾಗ ಒಳಗೆ ಹೋಗಿ ಕೈಮುಗಿಯುವಷ್ಟರಲ್ಲಿ ಮುಂದಿನ ಕೇಸಿನ ನಂಬರ್ ಕೂಗಿ ಆಗಿರುತ್ತದೆ. ಆ ಸಂದಿಯಲ್ಲಿ ನಾವು ಇಂಗ್ಲಿಷಿನಲ್ಲಿ ಎರಡು ಮಾತಾಡಿ ಟೈಮ್ ತಗೊಂಡಿರುತ್ತೇವೆ. ಅವರಿಗೆ ಅರ್ಥವಾಗಬೇಕಾದರೂ ಹೇಗೆ? ಅದಕ್ಕೇ ನಾನು ಮುಂದಿನ ಹಾಲಿಗೆ ಓಡುವ ಮೊದಲು ಕಾರಿಡಾರಿನಲ್ಲೇ ನಿಂತು ಹೇಳಿಬಿಡುತ್ತೇನೆ: ಇವತ್ತು ನಡೆದದ್ದು ಇಷ್ಟು, ಮುಂದಿನ ವಾಯಿದೆ ಇಂಥದ್ದಕ್ಕೆ, ಆ ದಿನ ನೀವು ಬರಲೇಬೇಕು ಅಥವಾ ಬೇಕಿಲ್ಲ. ಕಬ್ಬು ಕಟಾವಿನ ಕಾಲದಲ್ಲಿ ಸುಮ್ಮನೆ ಬಂದು ನಿಂತು ಹೋಗುವುದು ಎಂಥ ನಷ್ಟ ಅಂತ ಈ ಜಿಲ್ಲೆಯಲ್ಲಿ ಬಿಡಿಸಿ ಹೇಳಬೇಕಿಲ್ಲ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಕೇಸಿಗೂ ಇರುವ 16 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ಸಿಎನ್‌ಆರ್ ನಂಬರ್ ಹಾಕಿಕೊಟ್ಟರೆ ಮನೆಯ ಹುಡುಗರೇ ಡೇಟ್ ನೋಡಿ ಹೇಳುತ್ತಾರೆ. ಆದರೆ ಅದರಲ್ಲಿ 'ಎವಿಡೆನ್ಸ್' ಅಂತ ಬಂದರೆ ಅವತ್ತು ತಮ್ಮನ್ನು ಕಟಕಟೆ ಹತ್ತಿಸುತ್ತಾರೋ ಎದುರಾಳಿಯನ್ನೋ ಎಂಬುದನ್ನು ನಾನೇ ಹೇಳಬೇಕು.

ಮೊದಲ ಭೇಟಿಗೆ ನಮ್ಮ ಕಡೆ ಯಾರೂ ಒಬ್ಬರೇ ಬರುವುದಿಲ್ಲ. ಹುಡುಗಿಯ ಜೊತೆ ಅಪ್ಪ, ಸೋದರಮಾವ, ಊರಿನ ಯಜಮಾನರೊಬ್ಬರು, ಕಾರು ಓಡಿಸಿಕೊಂಡು ಬಂದ ಹುಡುಗ. ಮಾವ ಕತೆ ಹೇಳುತ್ತಾನೆ, ಹುಡುಗಿ ಸೆರಗಿನ ತುದಿ ತಿರುವುತ್ತಾ ಕೂತಿರುತ್ತಾಳೆ. ನಾನು ಎಲ್ಲರಿಗೂ ಒಂದು ಸುತ್ತು ಕಿವಿಗೊಟ್ಟು, "ಗೌಡ್ರೆ, ಕೆಳಗೆ ಟೀ ಕುಡ್ಕೊಂಡು ಬನ್ನಿ" ಅಂತ ಕಳಿಸುತ್ತೇನೆ. ಬಾಗಿಲು ಮುಚ್ಚಿದ ಮೇಲೆ ಅವಳಿಗೆ ಹೇಳುವುದು ಒಂದೇ: ಇಲ್ಲಿ ಆಡಿದ ಮಾತನ್ನು ನಾನು ಯಾರಿಗೂ ಹೇಳುವಂತಿಲ್ಲ, ನಿನ್ನ ಅಪ್ಪನಿಗೂ. ಹೊಸ ಸಾಕ್ಷ್ಯ ಕಾನೂನಿನ 132ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಆಮೇಲೆ ಬರುವ ಕತೆ ಮಾವ ಹೇಳಿದ್ದಲ್ಲ. ಎಷ್ಟೋ ಸಲ ಅವಳಿಗೆ ವಿಚ್ಛೇದನವೇ ಬೇಕಿರುವುದಿಲ್ಲ. ಬೇರೆ ಮನೆ ಮಾಡಿಕೊಟ್ಟರೆ ಸಾಕಾಗಿರುತ್ತದೆ. ಕೆಲವೊಮ್ಮೆ ಊರಿನವರೆಲ್ಲ ರಾಜಿ ರಾಜಿ ಅನ್ನುತ್ತಿರುವಾಗ ಅವಳು ತೋಳು ಮಡಚಿ ಗಾಯ ತೋರಿಸುತ್ತಾಳೆ.

ನಾನು ಎರಡೂ ಕಡೆಯ ಕೆಲಸ ಮಾಡುತ್ತೇನೆ. ಒಂದು ಕೇಸಿನಲ್ಲಿ ಹೆಂಡತಿಯ ವಕೀಲೆ, ಇನ್ನೊಂದರಲ್ಲಿ ಗಂಡನ ತಾಯಿಯ ವಕೀಲೆ. "ಹೆಣ್ಣಾಗಿ ನೀವು ಹಿಂಗೆ ಮಾಡ್ಬೋದಾ?" ಎಂದು ಕೇಳಿದವರಿದ್ದಾರೆ. ಮಾಡಬಹುದು, ಮಾಡಬೇಕು ಕೂಡ. ಆ ಕಡೆ ಕೂತು ಯೋಚಿಸಿ ಗೊತ್ತಿದ್ದರೆ ಈ ಕಡೆಯವರನ್ನು ಪಾಟಿ ಸವಾಲಿಗೆ ಚೆನ್ನಾಗಿ ತಯಾರು ಮಾಡಬಹುದು.

ಜೀವನಾಂಶದ ಕೇಸಿನಲ್ಲಿ ನನಗೆ ಹೆಚ್ಚು ಕೆಲಸ ಕೊಡುವುದು ಆದಾಯ. ಸಂಬಳದವರದ್ದಾದರೆ ಸ್ಲಿಪ್ ತರಿಸಿದರೆ ಆಯಿತು. ಬೇಸಾಯಗಾರ ಗಂಡನದ್ದು ಬೇರೆ ಕತೆ. ಪಹಣಿ ಅಪ್ಪನ ಹೆಸರಿನಲ್ಲಿರುತ್ತದೆ, "ನನಗೆ ಏನೂ ಇಲ್ಲ ಸ್ವಾಮಿ" ಅಂತ ಕೈ ತೋರಿಸುತ್ತಾನೆ. 2020ರ ರಜನೀಶ್ - ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಸಲ್ಲಿಸಬೇಕೆಂದು ಹೇಳಿದ ಮೇಲೆ ಈ ಆಟ ಕಷ್ಟವಾಗಿದೆ. ಅದರಲ್ಲಿ ಅವನು ಬಚ್ಚಿಟ್ಟದ್ದನ್ನು ಹಿಡಿಯಲು ನಾನು ಹೆಂಡತಿಯನ್ನು ಕೇಳುವ ಪ್ರಶ್ನೆಗಳೇ ಬೇರೆ. ಕಾರ್ಖಾನೆಗೆ ಕಬ್ಬು ಯಾರ ಹೆಸರಲ್ಲಿ ಹೋಗುತ್ತದೆ? ದುಡ್ಡು ಯಾವ ಬ್ಯಾಂಕಿಗೆ ಬೀಳುತ್ತದೆ? ಡೇರಿಗೆ ಹಾಲು ಹಾಕುವ ಪುಸ್ತಕದಲ್ಲಿ ಯಾರ ಹೆಸರಿದೆ? ಒಬ್ಬಳು ಮದುವೆಯಾದ ದಿನದಿಂದ ತಾನೇ ಹಸು ಕರೆದು ಡೇರಿಗೆ ಹಾಕುತ್ತಿದ್ದವಳು. ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ಗಂಡನ ಖಾತೆಗೆ ಬೀಳುವುದು ಅವಳಿಗೆ ಬಾಯಿಪಾಠ. ಆ ಖಾತೆಯ ಸ್ಟೇಟ್‌ಮೆಂಟ್ ತರಿಸಿ ಅಂತ ಅರ್ಜಿ ಹಾಕಿದ ಮುಂದಿನ ವಾಯಿದೆಗೇ ಎದುರು ವಕೀಲರು ಮಾತುಕತೆಗೆ ಬಂದರು.

ಬರುವ ದುಡ್ಡಿನಲ್ಲಿ ಇಷ್ಟು ಪಾಲು ನಿಮಗೆ ಎಂದು ಫೀಜು ಕಟ್ಟಲು ಬರುವವರಿದ್ದಾರೆ. ಅದನ್ನು ನಾವು ಒಪ್ಪುವಂತಿಲ್ಲ. ಫೀಜು ಕೊಡಲಾಗದ ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸುತ್ತೇನೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ವಕೀಲರು ಸಿಗುತ್ತಾರೆ.

ಇನ್ನು ಕ್ರಿಮಿನಲ್. ವರದಕ್ಷಿಣೆ ಕಿರುಕುಳದ ಎಫ್‌ಐಆರ್‌ನಲ್ಲಿ ಹೆಸರಿದ್ದರೆ ಮನೆಮಂದಿಯೆಲ್ಲ ಊರು ಬಿಡುವುದು ಇಲ್ಲಿಯ ರೂಢಿ. ಹಳೆಯ ದಂಡ ಸಂಹಿತೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 85ನೇ ಕಲಂ, ಗರಿಷ್ಠ ಶಿಕ್ಷೆ 3 ವರ್ಷ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಂಡಕೂಡಲೇ ಬಂಧಿಸಬೇಡಿ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಕೇಸಿನಲ್ಲಿ ಪೊಲೀಸರಿಗೆ ಹೇಳಿದೆ. ಬಂಧನದ ಅಗತ್ಯವಿಲ್ಲದಿದ್ದರೆ ನೋಟಿಸ್ ಕೊಡಬೇಕು, ಆರೋಪಿ ಹಾಜರಾಗಬೇಕು. ಹೊಲದಲ್ಲಿ ಬಚ್ಚಿಟ್ಟುಕೊಂಡವನಿಗೆ ನೋಟಿಸ್ ತಲುಪುವುದು ಹೇಗೆ? "ಮನೆಗೆ ವಾಪಸ್ ಹೋಗಿ, ಫೋನ್ ಆಫ್ ಮಾಡಬೇಡಿ" ಅನ್ನುವುದು ನನ್ನ ಮೊದಲ ಸಲಹೆ. ಭಯಕ್ಕೆ ನಿಜವಾದ ಕಾರಣವಿದ್ದರೆ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೂ ಮೊದಲೇ ಕೇಳುವ ಜಾಮೀನಿಗೆ, ಅರ್ಜಿ ಹಾಕುತ್ತೇನೆ.

ಜಾಮೀನು ಆದೇಶವಾದ ಮೇಲೂ ಕೆಲಸ ಇರುತ್ತದೆ: ಶ್ಯೂರಿಟಿ, ಅಂದರೆ ಆರೋಪಿ ಪರ ಹೊಣೆ ನಿಲ್ಲುವವರು. ಪಹಣಿ, ಆಧಾರ್ ಹಿಡಿದುಕೊಂಡು ಬಂದ ದೊಡ್ಡಪ್ಪ ಸಹಿ ಹಾಕುವ ಹೊತ್ತಿಗೆ ಪೆನ್ನು ಕೆಳಗಿಟ್ಟು, "ನಮ್ ಜಮೀನು ಹೊಂಟೋಯ್ತದಾ ಲಾಯರಮ್ಮ?" ಅಂತಾರೆ. ಸಹಿ ಹಾಕಿ ಹಾಕಿ ಅಂತ ಒತ್ತಾಯಿಸಬಾರದು. ಹುಡುಗ ಪ್ರತಿ ವಾಯಿದೆಗೆ ಬರುತ್ತಿದ್ದರೆ ನಿಮ್ಮ ತಂಟೆಗೆ ಯಾರೂ ಬರಲ್ಲ. ಅವನು ತಪ್ಪಿಸಿಕೊಂಡರೆ ಬಾಂಡಿನಲ್ಲಿ ಬರೆದ ಮೊತ್ತ ಕಟ್ಟಬೇಕಾಗಬಹುದು, ಅದಕ್ಕೂ ಮೊದಲು ಕೋರ್ಟು ಕಾರಣ ಕೇಳಿ ನೋಟಿಸ್ ಕೊಡುತ್ತದೆ ಎಂದು ನಿಧಾನವಾಗಿ ಹೇಳುತ್ತೇನೆ. ಕೇಳಿಸಿಕೊಂಡು ಎದ್ದು ಹೋದ ದೊಡ್ಡಪ್ಪಂದಿರೂ ಇದ್ದಾರೆ. ಸಹಿ ಹಾಕಿದವರು ಮಾತ್ರ ಆ ಹುಡುಗನನ್ನು ವಾಯಿದೆಗೆ ತಾವೇ ಎಬ್ಬಿಸಿ ಕಳಿಸುತ್ತಾರೆ.

ಜೀವನಾಂಶದ ಆದೇಶ ಕೈಗೆ ಬಂದವರು ಕಚೇರಿಗೆ ಬರುವುದನ್ನು ನಿಲ್ಲಿಸಿಬಿಡುತ್ತಾರೆ. ಗಂಡ ಮೂರು ತಿಂಗಳು ಕಟ್ಟಿ ಸುಮ್ಮನಾಗುತ್ತಾನೆ, ಇವರು ಹಬ್ಬ ಮುಗೀಲಿ, ಕುಯ್ಲು ಮುಗೀಲಿ ಅಂತ ಕಾಯುತ್ತಾರೆ. ವಸೂಲಿ ವಾರಂಟಿಗೆ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅದಕ್ಕೆ ನಮ್ಮ ಗುಮಾಸ್ತರ ಡೈರಿಯಲ್ಲಿ ಮುಗಿದ ಕೇಸುಗಳಿಗೂ ಒಂದು ಪುಟವಿದೆ. ಅದರಲ್ಲಿರುವ ಹೆಂಗಸರಿಗೆ ಅವರು ಆಗಾಗ ಫೋನ್ ಮಾಡಿ "ದುಡ್ಡು ಬಿತ್ತೇನಮ್ಮ?" ಅಂತ ಕೇಳುತ್ತಾರೆ.