ನಾಯಕ ನಾಯಕಿಯರ ನಡುವಿನ ಒಂದು ಮಾರು ದೂರ

2020ರಲ್ಲಿ ನಮ್ಮನ್ನಗಲಿದ ಸುಭದ್ರಮ್ಮ ಮನ್ಸೂರ್ ಅವರಂಥ ಗಾಯಕಿ-ನಟಿ ಬಾಳಿದ ಬಳ್ಳಾರಿಯವಳು ನಾನು. ಸಿರುಗುಪ್ಪ, ಕಾರಟಗಿ, ಸಿಂಧನೂರು ಸುತ್ತಲಿನ ಹಳ್ಳಿಗಳ ಜಾತ್ರೆಯ ನಾಟಕಗಳಲ್ಲಿ ಹಲವು ವರ್ಷ ನಾಯಕಿಯ ಪಾತ್ರ ಮಾಡಿದ್ದೇನೆ. ಊರಿನ ಗಂಡಸರು ಹಾರ್ಮೋನಿಯಂ ಮಾಸ್ತರರ ಬಳಿ ತಿಂಗಳುಗಟ್ಟಲೆ ತಾಲೀಮು ನಡೆಸಿರುತ್ತಾರೆ. ಮುಂಗಡ ಪಡೆದ ನಟಿಯರು ಪ್ರದರ್ಶನದ ಸಂಜೆ ಬಸ್ಸಿಳಿದು, ಬಣ್ಣ ಹಚ್ಚಿಕೊಂಡು ನೇರವಾಗಿ ರಂಗಕ್ಕೆ ಹೋಗುತ್ತಾರೆ. ಅವವೇ ಸಾಮಾಜಿಕ ನಾಟಕಗಳು ಊರೂರು ಸುತ್ತುವುದರಿಂದ ನಮಗೆ ಮಾತು ಬಾಯಿಪಾಠವಾಗಿರುತ್ತದೆ. ಕಷ್ಟವೆಲ್ಲ ನಾಯಕನದು. ಹೆಂಡತಿ, ಅತ್ತೆ, ಮಾವ ಮುಂದಿನ ಸಾಲಿನಲ್ಲೇ ಕುಳಿತಿರುವಾಗ ಆ ರೈತ ನನ್ನ ಮುಖ ನೋಡದೆ, ಒಂದು ಮಾರು ದೂರ ನಿಂತು, ಪ್ರೇಮದ ಮಾತನ್ನು ಮೈಕಿಗೆ ಒಪ್ಪಿಸುತ್ತಿದ್ದ. ಮರೆತಾಗ ನಾನೇ ಮೆಲ್ಲಗೆ ಎತ್ತಿಕೊಡುತ್ತಿದ್ದೆ. ಆದರೂ ಜನ ಕಣ್ಣು ಕೀಳದೆ ನೋಡುತ್ತಿದ್ದರು. ಹತ್ತಿರ ಬರಲಾರದ ಇಬ್ಬರ ನಡುವಿನ ಆ ದೂರವೇ ನನ್ನ ಪ್ರಣಯ ಕಾದಂಬರಿಗಳಿಗೆ ಬಂಡವಾಳವಾಯಿತು.

ಬರೆಯಲು ಕೂತಾಗ ಮೊದಲು ಆ ದೂರಕ್ಕೆ ಕಾರಣ ಹುಡುಕುತ್ತೇನೆ. ಕೈತಪ್ಪಿದ ಪತ್ರ, ಹೊಟ್ಟೆಕಿಚ್ಚಿನ ಸೋದರತ್ತೆ ಇವೆಲ್ಲ ಸವೆದ ದಾರಿಗಳು. ನಾನು ನೆಚ್ಚಿರುವುದು ತುಂಗಭದ್ರಾ ಎಡದಂಡೆ ಕಾಲುವೆಯನ್ನು. ನೀರು ಬಿಡುವುದು ತಡವಾದರೆ ನಾಟಿ ತಡ, ಕೊಯ್ಲು ತಡ, ಸಾಲ ತೀರದೆ ಮದುವೆಯ ಮಾತೂ ಮುಂದಕ್ಕೆ ಹೋಗುತ್ತದೆ. ಹುಡುಗಿ ಗಂಗಾವತಿ ಕಡೆಯವಳು, ಹುಡುಗ ನೀರು ಸರಿಯಾಗಿ ತಲುಪದ ಮಾನ್ವಿ ಕಡೆಯ ಕೊನೆಭಾಗದವನು ಎಂದಿಟ್ಟುಕೊಂಡರೆ ಎರಡು ಮನೆಗಳ ನಡುವಿನ ಮುನಿಸಿಗೆ ಖಳನಾಯಕನೇ ಬೇಕಾಗುವುದಿಲ್ಲ. ಕಂಪನಿ ನಾಟಕಗಳಲ್ಲಿ ಹಿಂದೆ ದೊಡ್ಡ ಸೀನು ಜೋಡಿಸುವಷ್ಟು ಹೊತ್ತು ಮುಂದೆ ಬೀದಿಯ ಪರದೆ ಇಳಿಸಿ ಹಾಸ್ಯದ ಪಾತ್ರಗಳನ್ನು ಬಿಡುತ್ತಾರಲ್ಲ, ಅದನ್ನೂ ಉಳಿಸಿಕೊಂಡಿದ್ದೇನೆ: ಜಗಳದ ಅಧ್ಯಾಯವಾದ ಮೇಲೆ ಒಂದು ಅಧ್ಯಾಯ ಅಡುಗೆಯವಳಿಗೂ ಟ್ರ್ಯಾಕ್ಟರ್ ಚಾಲಕನಿಗೂ ಮೀಸಲು.

ಕಾಲುವೆಯ ಈ ಲೆಕ್ಕಾಚಾರ ನನಗೆ ತಿಳಿದದ್ದು ಗಂಗಾವತಿಯ ಅಕ್ಕಿ ಗಿರಣಿಯ ಮಾಲೀಕರೊಬ್ಬರಿಗೆ ಆಪ್ತ ಸಹಾಯಕಿಯಾದ ಮೇಲೆ. ಬ್ಯಾಂಕಿನ ಪತ್ರ, ರೈಲಿನ ಟಿಕೆಟ್ಟು, ಲಾರಿಯವರ ಫೋನು ಹೇಗೋ ನಡೆದುಹೋಗುತ್ತವೆ. ಸಾಹುಕಾರರು ಬಾಯಿಬಿಟ್ಟು ಹೇಳದ್ದನ್ನು ಅರಿತು ಎದುರಿನವರಿಗೆ ಮರ್ಯಾದೆಯಿಂದ ಮುಟ್ಟಿಸುವುದೇ ನಿಜವಾದ ಕೆಲಸ, ಮತ್ತು ಸಂಭಾಷಣೆ ಬರೆಯಲು ಅದಕ್ಕಿಂತ ಒಳ್ಳೆಯ ತಾಲೀಮನ್ನು ನಾನು ಕಂಡಿಲ್ಲ. ತಿಂಗಳ ಸಂಬಳವಿರುವುದರಿಂದ ಪ್ರಕಾಶಕರ ಅವಸರಕ್ಕೆ ಮಣಿಯಬೇಕಾಗಿಯೂ ಇಲ್ಲ.

ಬೆಳಗಿನ ಜಾವ ಬರೆದು, ಪ್ರತಿ ಮಾತನ್ನೂ ಗಟ್ಟಿಯಾಗಿ ಹೇಳಿ ನೋಡುತ್ತೇನೆ. ಉಸಿರು ಸಾಲದ ವಾಕ್ಯವನ್ನು ಒಡೆಯುತ್ತೇನೆ. ಗಿರಣಿಗೆ ಹೊಸ ಭತ್ತ ಬರತೊಡಗಿದರೆ ಬರವಣಿಗೆ ಪೂರ್ತಿ ನಿಲ್ಲುತ್ತದೆ. ಆದ್ದರಿಂದ ಧಾರಾವಾಹಿ ಒಪ್ಪಿಕೊಳ್ಳುವಾಗಲೇ ಸಂಪಾದಕರಿಗೆ ತಿಳಿಸಿ, ಸುಗ್ಗಿಯ ವಾರಗಳ ಕಂತುಗಳನ್ನು ಮುಂಚಿತವಾಗಿ ಕಳಿಸಿಬಿಟ್ಟಿರುತ್ತೇನೆ.